ಸಡಿಲ ಬಿಟ್ಟ ದಾರ

"ಮಾವಾ!" ಸೊಸೆ ಕಿರುಚಿದಳು. ಅಲೆ ಅಪ್ಪಳಿಸಿ ಹಿಂದೆ ಸರಿದಾಗ ಕೆಳಬಂಡೆ ಬರಿದಾಗಿತ್ತು. ಅವಳ ಗಾಳಕ್ಕೆ ಬಿದ್ದ ಗರಗಸದ ಹಲ್ಲಿನ ನೀಲಿಮೀನನ್ನು ಎತ್ತಿಕೊಡುತ್ತೇನೆಂದು ದಾರ ಹಿಡಿದು ಅಲ್ಲಿಗಿಳಿದಿದ್ದ ಮಾವ ಕತ್ತಲ ನೀರಿನಲ್ಲಿ ಎಲ್ಲಿದ್ದಾರೋ ಕಾಣದು. ಟಾರ್ಚೂ ಅವರ ಜೇಬಿನಲ್ಲೇ. "ನಿನ್ನ ಕೈಗೆ ಕೊಟ್ರೆ ಹಾಕ್ತಾನೇ ಇರ್ತೀಯ, ಬೆಳಕು ಕಂಡ್ರೆ ಮೀನು ಓಡುತ್ತೆ" ಎಂದು ಸಂಜೆಯೇ ಕಿತ್ತುಕೊಂಡಿದ್ದರು.

ಗಾಳದ ಕೋಲು ಒಮ್ಮೆಲೇ ಜಗ್ಗಿ ಬಾಗಿತು. ಆ ತುದಿಯಲ್ಲಿರುವುದು ಮೀನೋ, ಮಾವನೋ? ಮೀನಾದರೆ ಕೋಲು ಬಿಸಾಕಿ ಜನರನ್ನು ಕರೆಯಲು ಓಡಬೇಕು. ಮಾವನಾದರೆ, ಬಿಟ್ಟರೆ ಮುಗಿಯಿತು. ಅವರೇ ಬೈದು ಬೈದು ಕಲಿಸಿದ್ದರು: "ಮೀನೋ ಪಾಚಿಯೋ ಅಂತ ಅನುಮಾನ ಬಂದ್ರೆ ದಾರ ಸಡಿಲ ಬಿಡು. ಮೀನಾದ್ರೆ ಓಡುತ್ತೆ."

ಈಗ ಸಡಿಲ ಬಿಡುವುದೆಂದರೆ ಮಾವನನ್ನೇ ಸಮುದ್ರಕ್ಕೆ ಬಿಟ್ಟುಕೊಟ್ಟಂತೆ. ಆದರೂ ಹಲ್ಲು ಕಚ್ಚಿ ರೀಲು ಸಡಿಲಿಸಿದಳು.

ದಾರ ಓಡಲಿಲ್ಲ. ಅಲ್ಲೇ ನಿಂತಿತು. ಮೀನಲ್ಲ, ಮಾವನೇ!

"ಬಿಡ್ಬೇಡಿ ಮಾವಾ, ದಾರ ಹಿಡ್ಕೊಂಡೇ ಈ ಕಡೆ ಬನ್ನಿ!" ಎನ್ನುತ್ತ, ದಾರ ಕಡಿಯದಂತೆ ಮೆಲ್ಲಗೆ ಸುತ್ತುತ್ತ, ಅಲೆ ತಗ್ಗಿದ್ದ ಬಂಡೆಗಳ ಸಂದಿನತ್ತ ನಡೆದಳು. ಕೊನೆಗೆ ಒಂದು ಕೈ ಬಂಡೆಯ ಅಂಚನ್ನು ತಬ್ಬಿತು. ಅವಳು ರಟ್ಟೆ ಹಿಡಿದು ಮೇಲೆಳೆದುಕೊಂಡಳು.

ಮಾವ ಉಪ್ಪುನೀರು ಕಾರಿಕೊಂಡರು. ಮೀನು ಆಗಲೇ ಗಾಳ ಬಿಡಿಸಿಕೊಂಡು ಹೋಗಿತ್ತು. ಅವರು ಜೇಬು ತಡಕಿ, ನೀರು ಸೋರುತ್ತಿದ್ದ ಟಾರ್ಚ್ ತೆಗೆದು ಸೊಸೆಯ ಅಂಗೈಯಲ್ಲಿಟ್ಟರು.

"ಇನ್ಮೇಲೆ ಇದು ನಿನ್ನ ಹತ್ರಾನೇ ಇರ್ಲಿ."