ಕಾಲಿಗೊಂದು ಬ್ರೇಕು

ಡೆಲಿವರಿ ಬೈಕುಗಳು ತಾವೇ ಓಡತೊಡಗಿದ ಮೇಲೂ ಕಾನೂನು ಸವಾರನನ್ನು ಬಿಡಲಿಲ್ಲ. ಯಾರಿಗಾದರೂ ಬಡಿದರೆ ಜೈಲಿಗೆ ಹೋಗಲು ಒಬ್ಬ ಮನುಷ್ಯ ಬೇಕಿತ್ತು. ಫಕ್ಕೀರಪ್ಪನ ಸವಾರರ ಸಂಘ ಕೇಳುತ್ತಿದ್ದದ್ದು ಇಷ್ಟೇ: ನಮ್ಮ ಕಾಲಿಗೊಂದು ಬ್ರೇಕು ಕೊಡಿ.

ಆ ಮನವಿ ಕೊಡಲು ಬೆಳಿಗ್ಗೆ ಸಾರಿಗೆ ಕಚೇರಿಗೆ ಇನ್ನೂರು ಬೈಕುಗಳ ರ‍್ಯಾಲಿ ಹೊರಟಿತ್ತು. ಮೊದಲ ವೃತ್ತದಲ್ಲೇ ಬೈಕುಗಳಿಗೆ ಆರ್ಡರು ಬಂದು, ಒಂದೊಂದೂ ಒಂದೊಂದು ಓಣಿಗೆ ತಿರುಗಿತು. ಮೇಲೆ ಕೂತವರು ಘೋಷಣೆ ಕೂಗುತ್ತಲೇ ಮರೆಯಾದರು. ಕೆಟ್ಟ ಬೈಕನ್ನು ತಳ್ಳಿಕೊಂಡು ಕಚೇರಿ ಮುಟ್ಟಿದವನು ಫಕ್ಕೀರಪ್ಪನೊಬ್ಬನೇ.

ಅಧಿಕಾರಿ ಮೇಡಂ ಕಿಟಕಿಯಿಂದ ಇಣುಕಿದರು. "ಎಲ್ರಿ ನಿಮ್ಮ ಮಂದಿ? ಐವತ್ತು ಜನ ಎದುರಿಗೆ ಇರದಿದ್ರ ಮನವಿ ತಗೊಳ್ಳಾಕ ಬರಂಗಿಲ್ಲ."

"ಹೊಂಟಿದ್ರು ಮೇಡಂ. ಬೈಕು ಎಲ್ಲಾರನ್ನೂ ಡೆಲಿವರಿಗೆ ಒಯ್ದುವು."

"ನಡಕೊಂತ ಬರಬೇಕಿತ್ತಲ್ಲ."

ಸಂಘದವರು ಇದಕ್ಕಾಗಿ ಮೂರು ತಿಂಗಳು ಸಭೆ ಮಾಡಿದ್ದರು. ಧ್ವಜದ ಬಣ್ಣಕ್ಕೇ ಎರಡು ದಿನ ಜಗಳವಾಡಿದ್ದರು.

"ನಾವು ಬೈಕಿನವರು ನೋಡ್ರಿ," ಅಂದ ಫಕ್ಕೀರಪ್ಪ. "ಅದು ಯಾರಿಗೂ ಹೊಳೀಲೇ ಇಲ್ಲ."

ಹೊರಗೆ ಕೆಟ್ಟಿದ್ದ ಬೈಕು ತಾನಾಗಿಯೇ ಚಾಲೂ ಆಗಿತ್ತು. ಹತ್ತದಿದ್ದರೆ ಅದು ಒಂಟಿಯಾಗಿಯೇ ಹೋಗುತ್ತದೆ. ಬಡಿದರೆ ಹೆಸರು ಮಾತ್ರ ಅವನದೇ. ಮನವಿಯನ್ನು ಅಂಗಿಯೊಳಗೆ ತುರುಕಿಕೊಂಡು ಹತ್ತಿದ.

ತಿರುವಿನಾಚೆ ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟುತ್ತಿದ್ದರು. ಫಕ್ಕೀರಪ್ಪನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿ ಹಿಡಿಯಿತು.