ಜಾಜಿನ ಗುರುತು

ಈ ಸಲ ಏರ್‌ಗನ್ನು ಪುಸ್ಸೆನ್ನಲಿಲ್ಲ, ಠಪ್ಪನೆ ಹಾರಿತು. ಕಡಲೆಕಾಯಿ ಗಿಡ ಕೀಳುತ್ತಿದ್ದ ಹೆಣ್ಣು ಕೋತಿಯ ಸೊಂಟದ ಮೇಲೆ ಕೆಂಪು ಬೊಟ್ಟೊಂದು ಮೂಡಿತು. ಬಂಡೆಯ ಮರೆಯಲ್ಲಿದ್ದ ಜುಂಜಪ್ಪ ಹಿಗ್ಗಿಹೋದ. ಶಿರಾದ ಬಾಷಾ ಸಾಬರ ಗುಜರಿ ಅಂಗಡಿಯಲ್ಲಿ ಕೊಂಡ ಗನ್ನು ಅದು. ಒಳಗಿನ ವಾಷರ್ ಹರಿದು ಗಾಳಿಯೇ ನಿಲ್ಲುತ್ತಿರಲಿಲ್ಲ. ತನ್ನ ಹಳೇ ಎಕ್ಕಡದ ತೊಗಲನ್ನು ದುಂಡಗೆ ಕತ್ತರಿಸಿ, ಹರಳೆಣ್ಣೆಯಲ್ಲಿ ನೆನೆಹಾಕಿ ಕೂರಿಸಿದ್ದ. ಕೋತಿ ಅಂದರೆ ಆಂಜನೇಯ, ಸೀಸದ ಗುಂಡು ತಾಕಿಸಕೂಡದು ಎಂದು ಅವ್ವ ಈರಕ್ಕ ಆಣೆ ಹಾಕಿಸಿದ್ದಳು. ಅದಕ್ಕೇ ಕುರಿಗಳಿಗೆ ಗುರುತು ಹಾಕುವ ಕೆಂಪು ಜಾಜನ್ನು ಕಲಸಿ ಗುಳಿಗೆ ಮಾಡಿಕೊಂಡಿದ್ದ.

ಬೊಟ್ಟು ಕಂಡದ್ದೇ ತಡ, ಮಿಕ್ಕ ಕೋತಿಗಳು ಬೆದರಿ ಓಡಿದವು. ಬೊಟ್ಟು ಬಿದ್ದ ಹೆಣ್ಣು ಕೋತಿ ಹಿಂದೆ ಹೋದರೆ ಹಲ್ಲು ಕಿರಿದು ಅಟ್ಟಿದವು. ಅದು ಸುಮಾರು ಹೊತ್ತು ಬದುವಿನ ಮೇಲೆ ನಿಂತಿದ್ದು, ಆಮೇಲೆ ಮೆಲ್ಲಗೆ ತಿರುಗಿ ಬಂದು ಕುರಿ ರೊಪ್ಪದ ಬೇಲಿ ಪಕ್ಕ ಕೂತಿತು. ಬೇಲಿಯೊಳಗಿನ ಕುರಿಗಳ ಸೊಂಟದ ಮೇಲೂ ಅದೇ ಕೆಂಪು.

"ಇನ್ನೊಂದು ಬುಡ್ತೀನಿ, ತಡಿಯವ್ವ," ಎಂದು ಜುಂಜಪ್ಪ ಅವ್ವನಿಗೆ ಕೂಗಿ ಹೇಳಿ, ಮತ್ತೊಂದು ಗುಳಿಗೆ ತುಂಬಲು ಗನ್ನು ಮಡಿಚಿದ.

ರೊಪ್ಪ ಗುಡಿಸುತ್ತಿದ್ದ ಈರಕ್ಕ ಪೊರಕೆ ಬಿಟ್ಟು ಬಂದು ನಳಿಗೆಯ ಮೇಲೆ ಕೈಯಿಟ್ಟಳು. "ನಮ್ಮ ಜಾಜು ಬಿದ್ದಿದ್ದನ್ನ ಯಾವತ್ತಾದ್ರೂ ಹಟ್ಟಿಯಿಂದ ಅಟ್ಟಿದೀವೇನ್ಲಾ? ಗುರುತು ಹಾಕ್ದೋನು ನೀನು. ಮೇವೂ ನೀನೇ ಹಾಕು."

ಜುಂಜಪ್ಪ ಕೋತಿಯನ್ನು ನೋಡಿದ, ಕುರಿಗಳನ್ನು ನೋಡಿದ. ಗನ್ನನ್ನು ಬೇಲಿಗೆ ಒರಗಿಸಿ, ಬಲಿತ ಕಡಲೆಕಾಯಿ ಗಿಡವೊಂದನ್ನು ಕಿತ್ತು ಮಣ್ಣು ಕೊಡವಿದ.