ಮುರಿದ ಕೀಲಿ

ತುಂಬಿ ಹರಿಯುವ ಕೃಷ್ಣೆಯನ್ನು ಲಕ್ಕವ್ವ ದಾಟಿದ್ದು ಬೆಲ್ಲದ ಕೊಪ್ಪರಿಗೆಯಲ್ಲಿ ಕುಳಿತು. ಇಪ್ಪತ್ತು ವರ್ಷದ ಹಿಂದಿನ ಶ್ರಾವಣದ ಮಾತು. ಚೊಚ್ಚಲ ಬಾಣಂತನಕ್ಕೆಂದು ಕುಡಚಿಯ ಬಳಿಯ ತವರಿಗೆ ಹೋಗಿದ್ದಳು. ಹೊಳೆಯ ನೀರು ಹೊಸ್ತಿಲು ಏರಿದಾಗ ಕೂಸು ಹುಟ್ಟಿ ಒಂದು ಹಗಲೂ ಕಳೆದಿರಲಿಲ್ಲ. ಹಸಿ ಬಾಣಂತಿ ಒಂದು ಕೈಯಲ್ಲಿ ಕೂಸನ್ನು ಎದೆಗವಚಿಕೊಂಡು, ಇನ್ನೊಂದರಲ್ಲಿ ಬುಗುರಿಯಂತೆ ತಿರುಗುವ ಕೊಪ್ಪರಿಗೆಯ ಕಂಠವನ್ನು ಹಿಡಿದು ದಡ ಮುಟ್ಟಿದಳು. ನಡುಹೊಳೆಯಲ್ಲೇ ಕೂಸಿಗೆ ‘ಕೃಷ್ಣಿ’ ಎಂದು ಹೆಸರಿಟ್ಟಳಂತೆ. ತೊಟ್ಟಿಲಿಗೆ ಹಾಕುವ ದಿನ ಹಿರಿಯರು ಅದನ್ನು ಒಪ್ಪದೆ ‘ಉಜ್ವಲಾ’ ಎಂದು ಕೂಗಿದರು. ತಾಯಿ ಮಾತ್ರ, ಮನೆಯ ನಾಲ್ಕು ಗೋಡೆಗಳೊಳಗೆ, ಕೃಷ್ಣಿ ಎಂದೇ ಕರೆಯುತ್ತಿದ್ದಳು.

ಗಂಡ ಬಾಬಾಸಾಹೇಬರು ಈ ಸಾಹಸವನ್ನು ಬಂದವರಿಗೆಲ್ಲ ಬಣ್ಣಿಸುತ್ತಿದ್ದರು. ಹೆಸರಿನ ಸಂಗತಿಯೊಂದನ್ನು ಮಾತ್ರ ಮನೆಯ ಮಾತೆಂದು ಬಿಟ್ಟುಬಿಡುತ್ತಿದ್ದರು. “ದಾಟಿಸಿದವರು ಯಾರ್ರಿ?” ಎಂದು ಯಾರಾದರೂ ಕೇಳಿದರೆ, “ದೇವರು” ಎಂದು ಮುಗಿಸುತ್ತಿದ್ದರು. ಲಕ್ಕವ್ವನಿಗೂ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ.

ಲಕ್ಕವ್ವ ತೀರಿಕೊಂಡು ವರ್ಷ ಕಳೆದಿತ್ತು. ಅಥಣಿಯ ದ್ರಾಕ್ಷಿ ಬೆಳೆಗಾರರ ಸಂಘಕ್ಕೆ ಜಾಗ ಕೊಟ್ಟವಳು ಅವಳೇ ಆದ್ದರಿಂದ, ಕಚೇರಿಯ ಗೋಡೆಯ ಮೇಲೆ ಅವಳ ಭಾವಚಿತ್ರವಿತ್ತು. ಅದರ ಕೆಳಗಿನ ಗೂಟದಲ್ಲಿ ಒಣದ್ರಾಕ್ಷಿ ತುಂಬಿಡುವ ಕೋಠಿಯ ಕೀಲಿಕೈಗಳು ತೂಗುತ್ತಿದ್ದವು. ಸಂಘದ ಅಧ್ಯಕ್ಷರಾದ ಬಾಬಾಸಾಹೇಬರು ಈಗ ನೋಡುತ್ತಿದ್ದುದು ಎದುರು ನಿಂತವನ ಕಣ್ಣುಗಳನ್ನು. ಆ ಕಣ್ಣುಗಳು ಅದೇ ಗೋಡೆಯಲ್ಲಿ ನೆಟ್ಟಿದ್ದವು.

“ಏ ಭೀಮಸಿ! ಅಲ್ಲೇನ ನೋಡಾಕತ್ತಿ?”

“ಏನಿಲ್ರಿ.” ಅವನು ತಟ್ಟನೆ ತಲೆ ತಗ್ಗಿಸಿದ.

ಕೋಠಿಯ ಕಾವಲಿಗೆ ಆಳು ಬೇಕಾಗಿತ್ತು. ಐವತ್ತು ದಾಟಿದ ಭೀಮಸಿ ನಾಲ್ಕಾರು ದಿನ ಪರೀಕ್ಷೆಯ ಕಾವಲು ಕಾದು ಎಲ್ಲರಿಂದಲೂ ಸೈ ಎನಿಸಿಕೊಂಡಿದ್ದ. ಆಮೇಲೆ ಪೊಲೀಸ್ ಠಾಣೆಯ ವರದಿ ಬಂತು. ಕೀಲಿ ಮುರಿದು ಕಳವು, ಜೈಲುವಾಸ.

“ಸಾವಕಾರ್ರ, ಕೀಲಿ ಮುರದವನ ಕೈಯಾಗ ಕೀಲಿ ಕೊಡೂದಂದ್ರ ಬೆಕ್ಕಿನ ಕೊರಳಾಗ ಹಾಲಿನ ಗಡಗಿ ಕಟ್ಟಿಧಂಗ,” ಎಂದು ಕಾರ್ಯದರ್ಶಿ ಬಾಹುಬಲಿ ನಕ್ಕ.

ಲೆಕ್ಕ ನೋಡುತ್ತಿದ್ದ ಉಜ್ವಲಾ ತಲೆಯೆತ್ತಿದಳು. “ಅಪ್ಪಾ, ನಮ್ಮ ಸಂಘದ ಠರಾವು ಮರತ್ರೇನು? ಮೊದಲ ಕೆಲಸ ನೋಡಬೇಕು, ಆಮ್ಯಾಲ ಹಿಂದಿಂದು. ಹಿಂದಿಂದು ಬಂದ್ರ ಏನಾಗಿತ್ತು, ಯಾಕಾಗಿತ್ತು ಅಂತ ಪೂರ್ತಿ ಕೇಳಬೇಕು. ನೀವ ಸಹಿ ಮಾಡೀರಿ.”

“ಕೇಳ್ತೀನಿ ತಡಿ.” ಬಾಬಾಸಾಹೇಬರು ಮೀಸೆಯ ಮೇಲೆ ಕೈಯಾಡಿಸಿದರು. “ಕೀಲಿ ಮುರದದ್ದು ಖರೇ ಏನೋ?”

“ಖರೇ ಐತ್ರಿ.”

“ತಪ್ಪಾತು ಅಂತ ಅನಸ್ತದೋ ಇಲ್ಲೋ?”

ಭೀಮಸಿಯ ನೋಟ ಮತ್ತೊಮ್ಮೆ ಗೋಡೆಗೆ ಹೋಗಿ ಬಂತು. “ಶಿಕ್ಷಾ ಅನುಭವಿಸೇನ್ರಿ. ನಾ ಜೇಲಿನಾಗಿದ್ದಾಗ ಕುರಿ ಎಲ್ಲಾ ಚದರಿ ಹ್ವಾದುವು. ನಿಪ್ಪಾಣಿಯಾಗ, ರಾಯಬಾಗದಾಗ ಎಲ್ಲಿ ಹ್ವಾದ್ರೂ ಕಾಗದಾ ನೋಡಿ ಗೇಟಿನಿಂದ ಹೊಳ್ಳಿಸಿದ್ರು. ಆದ್ರ ಸುಳ್ಳ ಹೇಳಂಗಿಲ್ರಿ. ಅಂಥಾ ಹೊತ್ತು ಇನ್ನೊಮ್ಮೆ ಬಂದ್ರ ಕೀಲಿ ಮತ್ತ ಮುರೀತೀನಿ.”

ಬಾಹುಬಲಿಯ ನಗೆ ಅರ್ಧಕ್ಕೇ ನಿಂತಿತು.

“ಕೇಳಿದಿ ಏನವಾ ನಿನ್ನ ಠರಾವಿನ ಫಲಾ?” ಬಾಬಾಸಾಹೇಬರು ಮಗಳತ್ತ ತಿರುಗಿದರು. “ಮಾರಿ ಮ್ಯಾಲ ಅಂತಾನ, ಮತ್ತ ಮುರೀತೀನಿ ಅಂತ!”

“ಅಪ್ಪಾ, ಏನು ಕದ್ರು, ಯಾಕ ಕದ್ರು ಅಂತ…”

“ಕಳವು ಅಂದ್ರ ಕಳವು. ಸೂಜಿ ಆದ್ರೇನು, ಆನಿ ಆದ್ರೇನು? ನಡಿಯೋ ನೀ.”

ಭೀಮಸಿ ಬೇಡಲಿಲ್ಲ, ಎದುರಾಡಲೂ ಇಲ್ಲ. ಹೆಗಲ ಮೇಲಿನ ಕಂಬಳಿಯನ್ನು ಸರಿಪಡಿಸಿಕೊಂಡ. “ಮಿರಜ್ ಕಡೆ ಕಬ್ಬ ಕಡ್ಯಾಕ ಹೊಕ್ಕೀನ್ರಿ. ಅಲ್ಲಿ ಕಾಗದಾ ಕೇಳಂಗಿಲ್ಲ; ಟೊಂಕ ಗಟ್ಟಿ ಐತೋ ಇಲ್ಲೋ ಅಷ್ಟ ನೋಡ್ತಾರ,” ಎಂದು ಒಣನಗೆ ನಕ್ಕ. ಬಾಗಿಲ ಬಳಿ ನಿಂತು, ಗೋಡೆಯ ಕಡೆಗೆ ತಿರುಗಿ ಎರಡೂ ಕೈ ಜೋಡಿಸಿದ.

‘ಕೀಲಿಗೂ ನಮಸ್ಕಾರ ಮಾಡುವ ಭಂಡ!’ ಎಂದುಕೊಂಡರು ಬಾಬಾಸಾಹೇಬರು.

ಉಜ್ವಲಾ ಅವನ ಹಿಂದೆಯೇ ಎದ್ದು ಹೋದಳು. ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು. ರಸ್ತೆಯಾಚೆಯ ಬಸ್ ನಿಲ್ದಾಣದಲ್ಲಿ ಮಗಳು ಏನನ್ನೋ ಕೇಳಿದಳು. ಅವನು ನೆಲ ನೋಡುತ್ತ ಒಂದೆರಡು ಮಾತು ಹೇಳಿದ. ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂತು. ಅದು ಸರಿಯುವಷ್ಟರಲ್ಲಿ ಮಿರಜಿನ ಬಸ್ಸು ಬಂದು ನಿಂತಿತ್ತು. ಫುಟ್‌ಬೋರ್ಡಿನ ಮೇಲೆ ನಿಂತು ಅವನು ಅವಳತ್ತ ತಿರುಗಿದ, ತುಟಿಗಳು ಅಲುಗಿದವು. ಬಸ್ಸು ಹೊರಟಿತು. ಉಜ್ವಲಾ ಧೂಳಿನಲ್ಲಿ ನಾಲ್ಕು ಹೆಜ್ಜೆ ಅದರ ಹಿಂದೆ ಓಡಿ, ನಿಂತುಬಿಟ್ಟಳು.

ಮರಳಿ ಬಂದವಳು ತನ್ನ ಕುರ್ಚಿಗೆ ಹೋಗದೆ ತಾಯಿಯ ಭಾವಚಿತ್ರದ ಕೆಳಗೆ ನಿಂತಳು. ಕೀಲಿಕೈಗಳನ್ನು ಗೂಟದಿಂದ ತೆಗೆದು ತಂದೆಯ ಮುಂದೆ ಮೇಜಿನ ಮೇಲಿಟ್ಟಳು. ಬೋಳು ಗೋಡೆಯ ಮೇಲೆ ಈಗ ಲಕ್ಕವ್ವನೊಬ್ಬಳೇ ಉಳಿದಳು.

“ಏನವಾ ಇದು?” ಎಂದರು ಬಾಬಾಸಾಹೇಬರು.

“ಅವ್ವನ ಕಥಿ ಇನ್ನೊಮ್ಮೆ ಹೇಳ್ರಿ ಅಪ್ಪಾ,” ಎಂದಳು ಉಜ್ವಲಾ. “ಆ ಕಾಕಾ ಕದ್ದದ್ದು ಬೀಗ ಹಾಕಿದ ಗಾಣದಾಗಿನ ಬೆಲ್ಲದ ಕೊಪ್ಪರಿಗಿ ಅಂತ. ಬಸ್ ಹತ್ತಿ ನನಗ, ‘ಬರ್ತೀನವಾ ಕೃಷ್ಣಿ’ ಅಂದ್ರು.”